ಬಿಡುಗಡೆ ಪತ್ರದಲ್ಲಿ ಇಲ್ಲದ ಹೆಸರು

ಕೃಷ್ಣಮ್ಮ ಮೊದಲ ಸಲ ನನ್ನ ತರಗತಿಗೆ ಬಂದಾಗ ತಲೆಯ ಮೇಲೆ ಸೌದೆ ಹೊರೆ ಇತ್ತು. ಅದನ್ನು ಶಾಲೆಯ ಗೋಡೆಗೆ ಒರಗಿಸಿ, ಜಗಲಿಯ ಅಂಚಿನಲ್ಲಿ, ಎದ್ದು ಹೋಗಲು ಸುಲಭವಾಗುವ ಕಡೆ ಕೂತಳು.

ಅದು 1993ರ ಬೇಸಿಗೆ. ಊರೂರಿನಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಉತ್ಸಾಹ ಹಬ್ಬಿದ್ದ ಕಾಲ. ನಾನು ಗೋಣಿಬೀಡಿನವನು, ನಾಗೇಶ ಅಂತ, ಪ್ರಾಥಮಿಕ ಶಾಲೆಯ ಮೇಷ್ಟ್ರು. ಭಾನುವಾರ ಮಧ್ಯಾಹ್ನ ಬಸ್ಸು ಹತ್ತಿ ಬಾಳೂರಿಗೆ ಹೋಗುತ್ತಿದ್ದೆ. ಅಲ್ಲಿ ಕಲ್ಲುಹಡ್ಲು ಕಾಫಿ ಎಸ್ಟೇಟಿನ ಗೇಟಿನ ಪಕ್ಕ ಒಂದು ಪುಟ್ಟ ಶಾಲೆ. ಅದರ ಜಗಲಿಯಲ್ಲಿ ತೋಟದ ಹೆಂಗಸರಿಗೆ ಪಾಠ. ಕೂಲಿಯಾಳುಗಳು ಸಾಲಾಗಿ ವಾಸಿಸುವ ಲೈನ್ ಮನೆಗಳ ಹೆಂಗಸರಿಗೆ ಭಾನುವಾರ ರಜೆ, ಅವರು ತಲೆ ಬಾಚಿ ಹೂ ಮುಡಿದು ಬರುತ್ತಿದ್ದರು. ಕೃಷ್ಣಮ್ಮನಿಗೆ ಮಾತ್ರ ರಜೆ ಇರಲಿಲ್ಲ. ಸೌದೆಗೆ ಹೋಗುವ ನೆವದಲ್ಲಿ ಅರ್ಧ ಗಂಟೆ ಕದ್ದು ಬರುತ್ತಿದ್ದಳು.

ಎಲ್ಲರಿಗೂ ಮೊದಲು ಅವರವರ ಹೆಸರು ಬರೆಯಲು ಕಲಿಸುತ್ತಿದ್ದೆ. ಅವಳು ಸ್ಲೇಟನ್ನು ಮುಂದೆ ಹಿಡಿದು, "ನನ್ನದು ಆಮೇಲಾಯ್ತು ಮೇಷ್ಟ್ರೆ, ನನ್ನ ಮಗಳ ಹೆಸರು ಬರ್ದು ಕೊಡಿ" ಅಂದಳು.

"ಎಂತ ಹೆಸರು?"

"ಪ್ರೇಮಕುಮಾರಿ."

ಆ ತೋಟದಲ್ಲಿ ಅಷ್ಟು ಉದ್ದದ ಹೆಸರಿನ ಇನ್ನೊಂದು ಮಗು ಇರಲಿಲ್ಲ. ಹೆರಿಗೆ ಮಾಡಿಸಿದ ನರ್ಸಮ್ಮನ ಹೆಸರಂತೆ. ಮೊದಲ ಅಕ್ಷರವೇ ಒತ್ತಕ್ಷರ. ಅದೊಂದನ್ನು ಕಲಿಯಲು ಅವಳಿಗೆ ಮೂರು ಭಾನುವಾರ ಬೇಕಾಯಿತು. ಅದು ಬರೆಯಲು ಬಂದ ದಿನ ಸ್ಲೇಟು ಒರೆಸಲು ಒಪ್ಪದೆ ಹಾಗೇ ಸೆರಗಿನಲ್ಲಿ ಮುಚ್ಚಿಕೊಂಡು, ಹೊರೆ ಹೊತ್ತು ಹೋಗಿಬಿಟ್ಟಳು.

ಕೃಷ್ಣಮ್ಮ ಕಳಸದ ಕಡೆಯವಳು. ಹದಿನೆಂಟು ವರ್ಷಕ್ಕೆ ಸುಬ್ಬಣ್ಣನನ್ನು ಮದುವೆಯಾಗಿ ಕಲ್ಲುಹಡ್ಲಿಗೆ ಬಂದಳು. ಹುಡುಗನಿಗೆ ತೋಟದಲ್ಲಿ ಕಾಯಂ ಕೆಲಸ, ಮನೆ ಇದೆ, ಕುಡಿಯುವುದಿಲ್ಲ ಎಂದು ಹೇಳಿ ಕೊಟ್ಟಿದ್ದರು. ಹೇಳಿದ್ದೆಲ್ಲ ನಿಜವೇ. ಮದುವೆಗೆ ಸೀರೆ ತಂದದ್ದು ಎಸ್ಟೇಟಿನ ಸಾವ್ಕಾರ್ರ ಹೆಂಡತಿ ಶಿವಗಂಗಮ್ಮನವರು. ಊಟ ಹಾಕಿಸಿದ್ದು ಸಾವ್ಕಾರ್ ಪರಮೇಶ್ವರಪ್ಪನವರು. ಎಂಥ ಒಳ್ಳೆಯ ಜನ ಎಂದು ಅವಳ ತಾಯಿ ಕೈ ಮುಗಿದು ಹೋಗಿದ್ದಳಂತೆ.

ಮೊದಲ ಬಟವಾಡೆಯ ದಿನ, ಅಂದರೆ ಆಳುಗಳಿಗೆ ವಾರದ ಕೂಲಿ ಕೊಡುವ ದಿನ, ಕೃಷ್ಣಮ್ಮನೂ ಸಾಲಿನಲ್ಲಿ ನಿಂತಳು. ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬೊಬ್ಬರನ್ನೇ ಕರೆದು ಕೊಟ್ಟು ಮುಗಿಸಿ ಪುಸ್ತಕ ಮುಚ್ಚಿದರು. "ನಂದು?" ಎಂದು ಕೇಳಿದ್ದಕ್ಕೆ ಅವರು ನಕ್ಕು, "ನಿನ್ನ ಗಂಡನ್ನ ಕೇಳು ಹೋಗು" ಅಂದರು.

ಸುಬ್ಬಣ್ಣ ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಒಣ ದರಗೆಲೆ ಹರಡುತ್ತಿದ್ದ. "ನಾವು ಆ ಲೆಕ್ಕದೋರಲ್ಲ ಕಣೆ" ಅಂದ.

"ಮತ್ತೆ ಯಾವ ಲೆಕ್ಕದೋರು?"

"ನಾವು ಮನೆಯೋರು."

ಅವನಿಗೆ ಎಂಟು ವರ್ಷವಾಗಿದ್ದಾಗ, ಒಂದು ದೊಡ್ಡ ಮಳೆಗಾಲದಲ್ಲಿ ಮನೆಯಲ್ಲಿ ಅಕ್ಕಿ ಮುಗಿದು, ಅವನ ಅಪ್ಪ ಸಾವ್ಕಾರ್ರ ತಂದೆಯ ಹತ್ತಿರ ಅಕ್ಕಿ ಇಸಿದುಕೊಂಡು ಮಗನನ್ನು ಬಿಟ್ಟು ಹೋಗಿದ್ದ. ಎಷ್ಟು ಅಕ್ಕಿ, ಎಷ್ಟು ದಿನಕ್ಕೆ, ಎಂದು ತೀರುತ್ತದೆ, ಯಾರಿಗೂ ಗೊತ್ತಿರಲಿಲ್ಲ. ಕೇಳುವುದು ಮರ್ಯಾದೆಯಲ್ಲ ಎಂದು ಸುಬ್ಬಣ್ಣ ಬೆಳೆದ. ಹುಲ್ಲು ಕೊಯ್ದ, ಸಗಣಿ ಬಾಚಿದ, ಮರಗಸಿಯ ಕಾಲದಲ್ಲಿ ನೆರಳಿನ ಮರಗಳ ತುದಿ ಹತ್ತಿ ಕೊಂಬೆ ಕಡಿದ, ಕಣದಲ್ಲಿ ಕಾಫಿ ಒಣಗಲು ಹಾಕಿದಾಗ ಕಾವಲು ಕೂತ. ದಿನಕ್ಕೆ ಎರಡು ಊಟ, ವರ್ಷಕ್ಕೆ ಒಂದು ಕಂಬಳಿ, ಹಬ್ಬಕ್ಕೆ ಬಟ್ಟೆ, ಕೊಟ್ಟಿಗೆಯ ಹಿಂದೆ ಒಂದು ಕೋಣೆ. ಜೀತವನ್ನು ರದ್ದು ಮಾಡುವ ಕಾನೂನು ಬಂದಾಗ ಅವನಿಗೆ ಇಪ್ಪತ್ತೈದು ವರ್ಷ. ಆ ಸುದ್ದಿ ಕೊಟ್ಟಿಗೆಯವರೆಗೆ ಬರಲಿಲ್ಲ.

ಮದುವೆಯಾದ ನಾಲ್ಕನೇ ವರ್ಷ ಕೃಷ್ಣಮ್ಮನ ತಾಯಿ ತೀರಿಕೊಂಡಳು. ಕಾಫಿ ಹಣ್ಣು ಕೊಯ್ಲಿನ ಭರಾಟೆ. "ಎರಡು ದಿನ ತಡಿ, ಈಗ ಕೊಯ್ತಿರೋ ಬ್ಲಾಕ್ ಮುಗೀಲಿ" ಅಂದರು ಸಾವ್ಕಾರ್ರು. ಮೂರನೇ ದಿನ ಅವಳು ಕಳಸಕ್ಕೆ ಹೋಗುವಷ್ಟರಲ್ಲಿ ಬೂದಿಯನ್ನೂ ಹೊಳೆಗೆ ಬಿಟ್ಟಾಗಿತ್ತು. ಇದನ್ನು ಅವಳು ನನಗೆ ಹೇಳಿದ್ದು ಅಳುತ್ತಾ ಅಲ್ಲ. ಸ್ಲೇಟಿನ ಮೇಲೆ 'ತಾಯಿ' ಎಂದು ಬರೆಯುವುದನ್ನು ಕಲಿಯುತ್ತಾ, ಮಧ್ಯೆ, ತಲೆಯೆತ್ತದೆ.

ಒಂದು ಭಾನುವಾರ ತರಗತಿಯಲ್ಲಿ ಕಾನೂನುಗಳ ಮಾತು ಬಂತು. ಯಾರನ್ನೂ ಕೂಲಿ ಕೊಡದೆ ದುಡಿಸುವಂತಿಲ್ಲ, ಹೋಗುತ್ತೇನೆಂದವರನ್ನು ಹಿಡಿದಿಡುವಂತಿಲ್ಲ, ಜೀತ ಅನ್ನುವುದು ಹೋಗಿ ಹದಿನೇಳು ವರ್ಷವಾಯಿತು ಎಂದು ನಾನು ದೊಡ್ಡ ದನಿಯಲ್ಲಿ ಹೇಳಿದೆ. ಆಗ ನನಗೆ ಮೂವತ್ತು ವರ್ಷ. ಪುಸ್ತಕದಲ್ಲಿದ್ದದ್ದೆಲ್ಲ ಊರಲ್ಲೂ ಇರುತ್ತದೆ ಎಂದುಕೊಂಡಿದ್ದೆ.

ಕೃಷ್ಣಮ್ಮ ಕೇಳಿದಳು: "ಆ ಕಾನೂನು ಬಾಳೂರಿಗೂ ಬರುತ್ತಾ ಮೇಷ್ಟ್ರೆ?"

"ಇಡೀ ದೇಶಕ್ಕೆ."

ಅವಳು ಸ್ಲೇಟು ಕೆಳಗಿಟ್ಟು, "ಹಂಗಾದ್ರೆ ನಾವು ಎಂತ?" ಅಂದಳು. ಉಳಿದ ಹೆಂಗಸರು ನೆಲ ನೋಡಿದರು. ನಾನು ಪಾಠ ಮುಂದುವರಿಸಿದೆ.

ಆಮೇಲೂ ಮೂರು ವರ್ಷ ಅವಳು ಏನೂ ಮಾಡಲಿಲ್ಲ. ತನ್ನದು ಹೇಗೋ ಕಳೆಯಿತು, ಮಗಳು ಓದುತ್ತಿದ್ದಾಳಲ್ಲ, ಅಷ್ಟು ಸಾಕು ಅನ್ನುತ್ತಿದ್ದಳು. ಪ್ರೇಮಕುಮಾರಿ ಚುರುಕು ಹುಡುಗಿ. ಶಾಲೆ ಬಿಟ್ಟ ಮೇಲೆ ಸಾವ್ಕಾರ್ರ ಮನೆ ಅಂಗಳ ಗುಡಿಸಿ, ಪಾತ್ರೆ ತೊಳೆದು, ಆಮೇಲೆ ಓದಲು ಕೂರುತ್ತಿದ್ದಳು. ಅಪ್ಪನನ್ನು ಕಂಡರೆ ಪ್ರಾಣ. ಮರದ ತುದಿಯಲ್ಲಿ ಕತ್ತಿ ಬೀಸುತ್ತಿದ್ದ ಸುಬ್ಬಣ್ಣನನ್ನು ಕೆಳಗಿನಿಂದ ತೋರಿಸಿ, "ನಮ್ಮಪ್ಪನಷ್ಟು ಎತ್ತರ ಈ ತೋಟದಲ್ಲಿ ಯಾರೂ ಹತ್ತಲ್ಲ" ಎಂದು ನನಗೆ ಒಮ್ಮೆ ಹೇಳಿದ್ದಳು.

1996ರಲ್ಲಿ ಅವಳು ಏಳನೇ ಕ್ಲಾಸು ಪಾಸಾದಳು. ಅದೇ ತಿಂಗಳು ಚಿಕ್ಕಮಗಳೂರಿನಲ್ಲಿದ್ದ ಸಾವ್ಕಾರ್ರ ಮಗ ವೀರೇಂದ್ರನ ಹೆಂಡತಿ ಕವನಾಗೆ ಹೆಣ್ಣು ಮಗುವಾಯಿತು. ಶಿವಗಂಗಮ್ಮನವರು ಹಿತ್ತಿಲ ಬಾಗಿಲಿಗೆ ಕೃಷ್ಣಮ್ಮನನ್ನು ಕರೆಸಿ, "ಪ್ರೇಮನ್ನ ಪೇಟೆಗೆ ಕಳಿಸೋಣ ಕಣೆ. ಮಗು ಎತ್ತಿಕೊಂಡು ಇರ್ತಾಳೆ. ನಮ್ಮ ಮನೆ ಮಗಳ ಹಾಗೇ ನೋಡ್ಕೋತೀವಿ" ಅಂದರು. ಅವರು ಕೇಳಲಿಲ್ಲ, ಹೇಳಿದರು. ಹೇಳುವಾಗ ಕೃಷ್ಣಮ್ಮನ ಕೈಗೆ ಒಂದು ಹೋಳಿಗೆಯನ್ನೂ ಕೊಟ್ಟರು.

ಮುಂದಿನ ಭಾನುವಾರ ಅವಳು ಸೌದೆಯಿಲ್ಲದೆ ಬಂದಳು. "ಒಂದು ಬಿಳಿ ಹಾಳೆ ಕೊಡಿ. ನಾನೇ ಬರೀತೀನಿ. ತಪ್ಪಿದ್ರೆ ಹೇಳಿ ಸಾಕು."

ಎರಡು ತಾಸು ಬರೆದಳು. ಐದೇ ಸಾಲು. 'ನಾನು ಕೃಷ್ಣಮ್ಮ. ನನ್ನ ಗಂಡ ಎಂಟು ವರ್ಷದವನಿದ್ದಾಗಿಂದ ಇಲ್ಲೇ ಜೀತ ಇದ್ದಾನೆ. ನಾನೂ ಇದ್ದೇನೆ. ನಮ್ಮದು ಹೋಗಲಿ. ನನ್ನ ಮಗಳು ಪ್ರೇಮಕುಮಾರಿಯನ್ನು ಶಾಲೆಗೆ ಕಳಿಸಬೇಕು, ಕೊಡಿಸಿ.' ನಾನು ಒಂದಕ್ಷರವನ್ನೂ ತಿದ್ದಲಿಲ್ಲ. ತಾಲ್ಲೂಕು ಕಚೇರಿಯ ವಿಳಾಸ ಬರೆದು ಲಕೋಟೆಯನ್ನು ಅಂಚೆಗೆ ಹಾಕಿದವನು ನಾನೇ.

ಹದಿನೈದು ದಿನಕ್ಕೆ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದರು. ಕೆಟ್ಟ ಮನುಷ್ಯರಲ್ಲ, ಬೇಗ ಮುಗಿಸಿಕೊಂಡು ಹೋಗಬೇಕಾಗಿದ್ದವರು. ಕಣದ ಮೇಲೆ ಕುರ್ಚಿ ಹಾಕಿಸಿದ್ದರು. ಅರ್ಜಿ ಹಾಕಿಸಿದ ಮೇಷ್ಟ್ರು ಎಂದು ನನ್ನನ್ನೂ ಕರೆಸಿದ್ದರು. ಪರಮೇಶ್ವರಪ್ಪನವರು ಸಿಟ್ಟಾಗಿರಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು, "ನಿಮ್ಮ ತಂದೆ ನನಗೆ ಚೆನ್ನಾಗಿ ಗೊತ್ತಿದ್ದೋರು, ಕೂತ್ಕೊಳ್ಳಿ" ಅಂದರು. ಎಲ್ಲರಿಗೂ ಕಾಫಿ ಬಂತು.

ಸುಬ್ಬಣ್ಣ ಕಣದ ಕೆಳಗೆ ನಿಂತಿದ್ದ, ತಲೆಯ ಟವೆಲು ಕಂಕುಳಲ್ಲಿ. ಪಕ್ಕದಲ್ಲಿ ಕೃಷ್ಣಮ್ಮ, ಅವಳ ಹಿಂದೆ ಪ್ರೇಮಕುಮಾರಿ.

ಅಧಿಕಾರಿ ಕೇಳಿದರು: "ಏನಪ್ಪಾ ಸುಬ್ಬಣ್ಣ, ನೀನು ಇವರ ಹತ್ರ ಜೀತಕ್ಕಿದ್ದೀಯ?"

ಅವನು ಒಮ್ಮೆ ಹಿಂದೆ ತಿರುಗಿ ನೋಡಿದ. ಆಮೇಲೆ ಸ್ಪಷ್ಟವಾಗಿ ಹೇಳಿದ: "ಇಲ್ಲ ಸ್ವಾಮಿ. ನಾನು ಮನೆಯೋನ ಥರ ಇದ್ದೀನಿ. ನನ್ನಿಷ್ಟದಿಂದ್ಲೇ ಇದ್ದೀನಿ."

"ಸುಳ್ಳು!" ಅಂದಳು ಕೃಷ್ಣಮ್ಮ. "ಸುಳ್ಳು ಹೇಳ್ತಿದ್ದಾರೆ ಸ್ವಾಮಿ. ಒಂದು ದಿನ ಕೂಲಿ ಕೊಟ್ಟಿಲ್ಲ. ಮೇಷ್ಟ್ರನ್ನ ಕೇಳಿ, ಅವರಿಗೆ ಎಲ್ಲ ಗೊತ್ತು."

ಅಧಿಕಾರಿ ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಕಾಫಿ ಲೋಟ ಇತ್ತು. ಈಗ ಬಾಯಿಬಿಟ್ಟರೆ ನಾಳೆಯಿಂದ ತರಗತಿ ನಡೆಯುವುದಿಲ್ಲ, ಉಳಿದ ಇಪ್ಪತ್ತು ಹೆಂಗಸರ ಪಾಠ ನಿಲ್ಲುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಅಷ್ಟೇ ಅಲ್ಲ, ನನಗೆ ಹೆದರಿಕೆಯಾಗಿತ್ತು. "ನಾನು ವಾರಕ್ಕೊಂದು ದಿನ ಬರೋನು ಸಾರ್. ಒಳಗಿಂದು ನನಗೆ ಅಷ್ಟು ಗೊತ್ತಿಲ್ಲ" ಅಂದೆ.

ಕೃಷ್ಣಮ್ಮ ನನ್ನನ್ನು ಬೈಯಲಿಲ್ಲ. ನನ್ನ ಮುಖ ಸರಿಯಾಗಿ ಕಾಣುತ್ತಿಲ್ಲವೇನೋ ಎಂಬಂತೆ ಕಣ್ಣು ಕಿರಿದು ಮಾಡಿ ನೋಡಿದಳು. ಅಧಿಕಾರಿ ಏನೋ ಬರೆದುಕೊಂಡರು. ಸುಬ್ಬಣ್ಣ ಅದಕ್ಕೆ ಹೆಬ್ಬೆಟ್ಟು ಒತ್ತಿದ.

ಅಂದು ಅವಳು ಗಂಡನನ್ನು ಕೊಟ್ಟಿಗೆಯ ಹಿಂದೆ ಹಿಡಿದು ನಿಲ್ಲಿಸಿ ಕೇಳಿದಳಂತೆ. ಅವನು, "ಮಗಳು ಹಿಂದೆ ನಿಂತಿದ್ಲು ಕಣೆ. ಅವಳ ಎದುರಿಗೆ ನಾನು ಜೀತದಾಳು ಅಂತ ಹೆಂಗೆ ಹೇಳ್ಲಿ?" ಎಂದು ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಮೂರನೇ ದಿನ ಬೆಳಿಗ್ಗೆ ಚಿಕ್ಕಮಗಳೂರಿಗೆ ಕರೆದೊಯ್ಯಲು ಸಾವ್ಕಾರ್ರ ಜೀಪು ಬಂತು. ಪ್ರೇಮಕುಮಾರಿ ಹೊಸ ಲಂಗ ಹಾಕಿಕೊಂಡಿದ್ದಳು, ಅದೂ ಶಿವಗಂಗಮ್ಮನವರೇ ಕೊಟ್ಟದ್ದು. ಶಾಲೆಯ ಚೀಲದಲ್ಲಿ ಎರಡು ಜೊತೆ ಬಟ್ಟೆ ಇಟ್ಟುಕೊಂಡಳು. ಪುಸ್ತಕಗಳನ್ನು ತೆಗೆದು ಮೂಲೆಯಲ್ಲಿ ಜೋಡಿಸಿದಳು, ಮಳೆಗಾಲದಲ್ಲಿ ನೆನೆಯದಿರಲಿ ಎಂದು ಮೇಲೆ ಗೋಣಿಚೀಲ ಹೊದಿಸಿದಳು. ಸುಬ್ಬಣ್ಣ ಅಂದು ಬೆಳಕು ಹರಿಯುವ ಮೊದಲೇ ತೋಟಕ್ಕೆ ಹೋಗಿದ್ದ. ಅವಳು ಜೀಪು ಹತ್ತುವ ಮುಂಚೆ "ಅಪ್ಪಾ" ಎಂದು ಎರಡು ಸಲ ಗುಡ್ಡದ ಕಡೆ ಕೂಗಿದಳು. ಮೇಲಿನಿಂದ ಕತ್ತಿಯ ಸದ್ದು ಬರುತ್ತಿತ್ತು. ಅವನು ಓಗೊಡಲಿಲ್ಲ.

ನನ್ನ ತರಗತಿಯೂ ಆ ತಿಂಗಳಲ್ಲೇ ನಿಂತಿತು. ಜಗಲಿ ದುರಸ್ತಿಯಾಗಬೇಕು ಎಂದರು. ನಾನು ಬಾಳೂರಿಗೆ ಹೋಗುವುದನ್ನು ಬಿಟ್ಟೆ.

ಮುಂದಿನ ಎಂಟು ವರ್ಷದಲ್ಲಿ ಕೃಷ್ಣಮ್ಮ ಮಗಳನ್ನು ನೋಡಿದ್ದು ಆರೇಳು ಸಲ. ಯುಗಾದಿಗೋ ದೀಪಾವಳಿಗೋ ಚಿಕ್ಕಮಗಳೂರಿನವರು ತೋಟಕ್ಕೆ ಬಂದಾಗ ಅವಳೂ ಬರುತ್ತಿದ್ದಳು. ಬಂದರೂ ದೊಡ್ಡಮನೆಯ ಅಡುಗೆಮನೆಯಲ್ಲೇ. ಒಂದು ವರ್ಷ ಅವರು ಬರಲೇ ಇಲ್ಲ. ಕೃಷ್ಣಮ್ಮ ಮೂಡಿಗೆರೆಗೆ ಹೋಗಿ ಬಸ್ಸು ಬದಲಿಸಿ, ಒಬ್ಬಳೇ ಚಿಕ್ಕಮಗಳೂರಿಗೆ ಹೋದಳು. ಹೋಗುವ ಮೊದಲು ಗೋಣಿಬೀಡಿಗೂ ಬಂದು ನನ್ನನ್ನು ಜೊತೆಗೆ ಕರೆದಿದ್ದಳು. ಶಾಲೆಯಲ್ಲಿ ಪರೀಕ್ಷೆ ಇದೆ ಅಂದೆ. ಪರೀಕ್ಷೆ ಇದ್ದದ್ದು ಹೌದು, ಆದರೆ ಮರುವಾರ.

ವೀರೇಂದ್ರನ ಮನೆಯ ಗೇಟಿನ ಹೊರಗೆ ಕಾದಳಂತೆ. ಪ್ರೇಮಕುಮಾರಿ ಸೊಂಟದಲ್ಲಿ ಮಗುವನ್ನೆತ್ತಿಕೊಂಡು ಬಂದಳು. ಮಗುವಿನ ಹೆಸರು ಗಗನಾ.

"ಊಟ ಮಾಡ್ತೀಯ ಸರಿಯಾಗಿ?"

"ಹೂಂನವ್ವ."

"ಓದ್ತೀಯ? ಪುಸ್ತಕ ತಂದಿದ್ದೀನಿ."

"ಇಲ್ಲಿ ಓದಕ್ಕೆ ಬಿಡುವಿರಲ್ಲವ್ವ. ಇವಳು ನಾನಿಲ್ದೆ ಒಂದು ತುತ್ತು ಉಣ್ಣಲ್ಲ." ಮಗು ಪ್ರೇಮಕುಮಾರಿಯ ಕೊರಳಿಗೆ ಮುಖ ಒತ್ತಿಕೊಂಡಿತ್ತು. ಒಳಗಿನಿಂದ ಕರೆ ಬಂತು. ಅವಳು ಪುಸ್ತಕವನ್ನು ತಾಯಿಯ ಕೈಗೇ ವಾಪಸು ಕೊಟ್ಟು, "ಅಪ್ಪಂಗೆ ಮಳೇಲಿ ಮರ ಹತ್ಬೇಡ ಅನ್ನು" ಎಂದು ಓಡಿದಳು.

2004ರ ಜನವರಿಯಲ್ಲಿ ಒಂದು ದಿನ ನಾನು ಶಾಲೆಯಿಂದ ಬರುವಾಗ ನಮ್ಮ ಮನೆಯ ಮುಂದೆ ಸುಬ್ಬಣ್ಣ ನಿಂತಿದ್ದ. ತಾನಾಗಿ ಬಸ್ಸು ಹತ್ತಿ ಒಬ್ಬನೇ ಒಂದೂರಿಗೆ ಬಂದದ್ದು ಅವನ ಬಾಳಿನಲ್ಲಿ ಅದೇ ಮೊದಲು. ಟಿಕೆಟನ್ನು ಇನ್ನೂ ಮುಷ್ಟಿಯಲ್ಲಿ ಹಿಡಿದಿದ್ದ.

ಮಗಳಿಗೆ ಇಪ್ಪತ್ತೊಂದಾಯಿತು, ಮನೆಗೆ ಕಳಿಸಿ, ಗಂಡು ನೋಡಬೇಕು ಎಂದು ಅವನು ಸಾವ್ಕಾರ್ರನ್ನು ಕೇಳಿದ್ದನಂತೆ. ಅವರು ನಗುತ್ತಾ, "ನೀನ್ಯಾಕೆ ತಲೆ ಕೆಡಿಸ್ಕೋತೀಯ ಮಾರಾಯ? ಪೇಟೆ ಮನೇಲಿ ಕಾರು ತೊಳೆಯೋ ಹುಡುಗ ಇದ್ದಾನೆ, ನಮ್ಮೋನೇ. ಸೀರೆ, ಊಟ ಎಲ್ಲ ನಮ್ದೇ. ಹಿಂದಿನ ರೂಮಲ್ಲಿ ಇಬ್ರೂ ಇರ್ತಾರೆ" ಅಂದರಂತೆ.

"ನನ್ನ ಮದ್ವೇನೂ ಹಂಗೇ ಮಾಡಿದ್ದು ಮೇಷ್ಟ್ರೆ" ಅಂದ ಸುಬ್ಬಣ್ಣ. "ಇದೇ ಮಾತು. ಸೀರೆ, ಊಟ, ಹಿಂದಿನ ರೂಮು. ಆವಾಗ ನನಗೆ ಖುಷಿಯಾಗಿತ್ತು." ಮುಷ್ಟಿಯಲ್ಲಿದ್ದ ಟಿಕೆಟನ್ನು ಅಂಗಿ ಜೇಬಿಗೆ ಹಾಕಿಕೊಂಡ. "ಈಗ ಹೇಳ್ತೀನಿ. ಯಾರು ಕೇಳಿದ್ರೂ ಹೇಳ್ತೀನಿ. ಅರ್ಜಿ ಬರೀರಿ."

ಈ ಸಲ ನಾನು ಬರೆದೆ, ಕೆಳಗೆ ಸಾಕ್ಷಿಯೆಂದು ನನ್ನ ರುಜುವನ್ನೂ ಹಾಕಿದೆ. ಬಂದ ಅಧಿಕಾರಿ ಒಬ್ಬ ಹೆಣ್ಣುಮಗಳು. ಅವರು ಕುರ್ಚಿಯಲ್ಲಿ ಕೂರಲಿಲ್ಲ, ಕಾಫಿ ಬೇಡವೆಂದರು. ಸುಬ್ಬಣ್ಣನನ್ನು ಕರೆದುಕೊಂಡು ತೋಟದೊಳಗೆ ನಡೆದು, ಒಂದು ಸಿಲ್ವರ್ ಮರದ ಬುಡದಲ್ಲಿ ಒಂದು ತಾಸು ಮಾತಾಡಿದರು. ಆಮೇಲೆ ಕೃಷ್ಣಮ್ಮನನ್ನು ಬೇರೆಯಾಗಿ ಕೇಳಿದರು. ನನ್ನನ್ನೂ ಕೇಳಿದರು. ಎಂಟು ವರ್ಷದ ಹಿಂದೆ ಸುಳ್ಳು ಹೇಳಿದ್ದೆ ಎಂಬುದನ್ನೂ ಸೇರಿಸಿ ಎಲ್ಲ ಹೇಳಿದೆ. ಅವರು ನನ್ನನ್ನೊಮ್ಮೆ ನೋಡಿ, ಬರೆದುಕೊಂಡರು.

ಮರುದಿನ ಅವರು ಚಿಕ್ಕಮಗಳೂರಿನ ಮನೆಗೆ ಹೋದರು. ಕೃಷ್ಣಮ್ಮನನ್ನೂ ನನ್ನನ್ನೂ ಜೀಪಿನಲ್ಲಿ ಕರೆದೊಯ್ದರು. ಕೃಷ್ಣಮ್ಮ ದಾರಿಯುದ್ದಕ್ಕೂ ಮಾತಾಡಿದಳು. ಮನೆಗೆ ಬಂದ ಮೇಲೆ ಮಗಳಿಗೆ ಮೊದಲು ಎಣ್ಣೆನೀರು ಹಾಕಬೇಕು, ಆಮೇಲೆ ಕಳಸಕ್ಕೆ ಕರೆದುಕೊಂಡು ಹೋಗಬೇಕು ಎಂದು.

ಪ್ರೇಮಕುಮಾರಿ ಈಗ ತೆಳ್ಳಗೆ, ಎತ್ತರ. ಅಧಿಕಾರಿ ಅವಳನ್ನು ಹಿತ್ತಿಲಿಗೆ ಕರೆದು, ಮನೆಯವರು ಯಾರೂ ಇಲ್ಲದ ಕಡೆ ನಿಲ್ಲಿಸಿ, ತಾಯಿಯ ಎದುರಲ್ಲೇ ಕೇಳಿದರು. "ಹೆದರಬೇಡಮ್ಮ. ಈಗಲೇ ನಮ್ಮ ಜೊತೆ ಬರಬಹುದು. ನಿನಗೆ ಕೂಲಿ ಕೊಟ್ಟಿದ್ದಾರಾ?"

ಅವಳು ಅಡುಗೆಮನೆಯ ಕಿಟಕಿಯ ಕಡೆ ನೋಡಿದಳು. ಕಿಟಕಿಯಲ್ಲಿ ಎಂಟು ವರ್ಷದ ಗಗನಾ ನಿಂತಿದ್ದಳು, ಸ್ಕೂಲ್ ಯೂನಿಫಾರ್ಮಿನಲ್ಲಿ, ಒಂದು ಜಡೆ ಹೆಣೆದು ಇನ್ನೊಂದು ಬಿಚ್ಚಿಕೊಂಡೇ.

"ನಾನು ಮನೆಯೋಳ ಥರ ಇದ್ದೀನಿ ಮೇಡಮ್" ಅಂದಳು ಪ್ರೇಮಕುಮಾರಿ. "ನನ್ನಿಷ್ಟದಿಂದ್ಲೇ ಇದ್ದೀನಿ."

ಅಪ್ಪ ಕಣದಲ್ಲಿ ನಿಂತು ಹೇಳಿದ ಮಾತನ್ನು ಅವಳು ಹಿಂದಿನಿಂದ ಕೇಳಿಸಿಕೊಂಡಿದ್ದಳು. ಮನೆಯೋನ ಅನ್ನುವುದು ಮನೆಯೋಳ ಆದದ್ದು ಬಿಟ್ಟರೆ ಬೇರೇನೂ ಬದಲಾಗಿರಲಿಲ್ಲ.

ಕೃಷ್ಣಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. "ಬಾ ಮಗಾ. ಅಪ್ಪ ಎಲ್ಲ ಹೇಳ್ಬಿಟ್ರು. ಈಗ ಹೆದ್ರಿಕೆ ಇಲ್ಲ, ಬಾ."

"ಬಂದು ಎಂತ ಮಾಡ್ಲಿ ಅವ್ವ? ನನಗೆ ಬೇರೆ ಎಂತ ಬರುತ್ತೆ?" ಎಂದು ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. "ಇವಳಿಗೆ ಬಸ್ಸು ಬರೋ ಹೊತ್ತಾಯ್ತು. ಜಡೆ ಹಾಕ್ಬೇಕು."

ಅವಳಿಗೆ ಹದಿನೆಂಟು ದಾಟಿದೆ, ಬಲವಂತ ಮಾಡುವ ಹಾಗಿಲ್ಲ, ಮತ್ತೆ ಬರೋಣ ಎಂದರು ಅಧಿಕಾರಿ. ಮತ್ತೆ ಒಮ್ಮೆ ಬಂದರು ಕೂಡ. ಉತ್ತರ ಅದೇ. ಆಮೇಲೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು.

ವಾಪಸು ಬರುವಾಗ ಕೃಷ್ಣಮ್ಮ ಜೀಪಿನ ಕಂಬಿ ಹಿಡಿದು ಹೊರಗೆ ನೋಡುತ್ತಿದ್ದಳು. ಆಲ್ದೂರು ದಾಟಿದ ಮೇಲೆ ಒಂದೇ ಮಾತು ಹೇಳಿದಳು: "ನಮ್ಮ ಮೇಲೆ ಕೋಪ ಇರುತ್ತೆ, ಬೈತಾಳೆ ಅಂದ್ಕೊಂಡಿದ್ದೆ ಮೇಷ್ಟ್ರೆ. ಕೋಪಾನೇ ಇರ್ಲಿಲ್ಲ."

ಬಿಡುಗಡೆ ಪತ್ರ ಆ ವರ್ಷದ ಮಳೆಗಾಲದಲ್ಲಿ ಬಂತು. ಸುಬ್ಬಣ್ಣ, ಕೃಷ್ಣಮ್ಮ, ಎರಡು ಹೆಸರು. ಕೃಷ್ಣಮ್ಮ ಅದನ್ನು ತಾನೇ ಓದಿದಳು, ಬೆರಳಿಟ್ಟು, ಒಂದೊಂದೇ ಅಕ್ಷರ. ಕೊನೆಯವರೆಗೆ ಓದಿ, ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದಳು. ಅಲ್ಲಿ ಏನೂ ಇರಲಿಲ್ಲ.

ಬಾಳೂರಿನ ಹೊರಗೆ ಅವರಿಗೆ ಒಂದು ನಿವೇಶನ ಸಿಕ್ಕಿತು. ಹೆಂಚಿನ ಮನೆ ಎದ್ದಿತು. ಕೃಷ್ಣಮ್ಮ ಬೇರೆ ತೋಟಗಳಿಗೆ ಕೂಲಿಗೆ ಹೋಗತೊಡಗಿದಳು. ಸುಬ್ಬಣ್ಣನಿಗೆ ಮಾತ್ರ ಬಿಡುವಾಗಿ ಕೂರಲು ಬರುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಎಲ್ಲಿ ಹೋಗಬೇಕೆಂದು ತಿಳಿಯದೆ ರಸ್ತೆಯ ಬದಿಯಲ್ಲಿ ನಿಂತಿರುತ್ತಿದ್ದ. ಅದೇ ಚಳಿಗಾಲದಲ್ಲಿ ಮಗಳ ಮದುವೆ ಪೇಟೆಯಲ್ಲೇ ಆಯಿತು. ಇವರನ್ನು ಕರೆದಿದ್ದರು. ಕೃಷ್ಣಮ್ಮ ಹೋಗಿ ಅಕ್ಷತೆ ಹಾಕಿ ಬಂದಳು. ಸುಬ್ಬಣ್ಣ ಅಂಗಿ ಹಾಕಿಕೊಂಡು ತಯಾರಾಗಿ, ಬಸ್ಸು ಬಂದಾಗ ಹತ್ತಲಿಲ್ಲ.

2006ರ ಆಗಸ್ಟಿನಲ್ಲಿ ಅವನು ಹೋದ. ಜ್ವರ ಅಂತ ಮಲಗಿದವನು ನಾಲ್ಕನೇ ದಿನಕ್ಕೆ ಇಲ್ಲ. ಕೊನೆಯ ಎರಡು ದಿನ, "ನಾನು ಇಷ್ಟದಿಂದ ಇರ್ಲಿಲ್ಲ ಅಂತ ಅವಳಿಗೆ ಹೇಳು" ಎಂದು ಹೆಂಡತಿಗೆ ಮತ್ತೆ ಮತ್ತೆ ಹೇಳುತ್ತಿದ್ದನಂತೆ.

ನಾನು ಹೋಗುವಷ್ಟರಲ್ಲಿ ಮಳೆ ಸ್ವಲ್ಪ ಬಿಟ್ಟಿತ್ತು. ಚಿಕ್ಕಮಗಳೂರಿನಿಂದ ಜೀಪು ಬಂತು. ಪ್ರೇಮಕುಮಾರಿ ಇಳಿದಳು, ಏಳು ತಿಂಗಳ ಬಸುರಿ. ಅಪ್ಪನ ಕಾಲ ಬಳಿ ಕೂತು, ಪಾದಗಳನ್ನು ಸೆರಗಿನಿಂದ ಒರೆಸಿದಳು. ಮರ ಹತ್ತಿ ಹತ್ತಿ ಒಡೆದ ಪಾದಗಳು. ಅಳಲಿಲ್ಲ. ಕೃಷ್ಣಮ್ಮ ಅವಳ ಕಿವಿಯ ಹತ್ತಿರ ಬಾಗಿ ಗಂಡ ಹೇಳಿದ ಮಾತನ್ನು ಹೇಳಿದಳು. ಅವಳು ತಲೆಯಾಡಿಸಿದಳು. "ಗೊತ್ತಿತ್ತವ್ವ" ಅಂದಳು. "ಆವತ್ತೇ ಗೊತ್ತಿತ್ತು."

ಮಣ್ಣು ಮಾಡಿ ಬಂದ ಮೇಲೆ ನೆರೆಯ ಬಸಮ್ಮ ಎಲ್ಲರಿಗೂ ಕಾಫಿ ಮಾಡಿದಳು. ಪ್ರೇಮಕುಮಾರಿಗೆ ಕುರ್ಚಿ ಹಾಕಿದರೆ ಅವಳು ಕೂರಲಿಲ್ಲ. ಆ ಹೊಟ್ಟೆ ಹೊತ್ತುಕೊಂಡು ಎಲ್ಲರ ಲೋಟಗಳನ್ನು ಒಟ್ಟು ಮಾಡಿ, ಹಿಂದೆ ಹೋಗಿ ತೊಳೆಯತೊಡಗಿದಳು. "ಬಿಡೇ, ಇದು ನಿನ್ನ ಮನೆ" ಎಂದು ಕೃಷ್ಣಮ್ಮ ಅವಳ ಕೈಯಿಂದ ಲೋಟ ಕಿತ್ತುಕೊಂಡಳು. ಅವಳು ಒದ್ದೆ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ನಿಂತಳು.

ರಸ್ತೆಯಲ್ಲಿ ಜೀಪು ಹಾರನ್ ಮಾಡಿತು. ಮಳೆ ಹಿಡಿಯುವ ಮೊದಲು ಹೊರಡಬೇಕು ಎಂದ ಡ್ರೈವರು. ಬಾಣಂತನಕ್ಕಾದರೂ ಬಾ ಎಂದಳು ತಾಯಿ. "ಕೇಳ್ತೀನವ್ವ" ಅಂದಳು ಮಗಳು, ಜೀಪಿನೊಳಗೆ ಕೂತ ಮೇಲೆ.

ಜೀಪು ತಿರುವು ದಾಟಿತು. ಕೃಷ್ಣಮ್ಮ ರಸ್ತೆಯಲ್ಲೇ ನಿಂತಿದ್ದಳು. ಅವಳಿಗೆ ಏನಾದರೂ ಹೇಳಬೇಕೆಂದು ಹತ್ತಿರ ಹೋದೆ.

ಅವಳೇ ನನ್ನ ಕಡೆ ತಿರುಗಿ, "ನೀವು ಹೊರಡಿ ಮೇಷ್ಟ್ರೆ, ಕೊನೇ ಬಸ್ಸು ತಪ್ಪುತ್ತೆ" ಅಂದಳು.